ಡೀಸೆಲ್ ಹ್ಯಾಚ್‌ಬ್ಯಾಕ್‌ಗೆ ಸ್ಪೋರ್ಟ್ಸ್ ಬಿಡಿಭಾಗ: ಮನೆಯಂಗಳದಲ್ಲಿ ಯಾವುದು ಸಾಧ್ಯ, ಯಾವುದು ಸಲ್ಲದು?

ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದ ರಸ್ತೆಗಳ ಸ್ವರೂಪವೇ ಬದಲಾಗುತ್ತದೆ. ಸಮೀರವಾಡಿ, ಹಿರೇಪಡಸಲಗಿ, ಮುಧೋಳದ ಸಕ್ಕರೆ ಕಾರ್ಖಾನೆಗಳತ್ತ ಸಾಗುವ ಟ್ರ್ಯಾಕ್ಟರ್‌ಗಳು, ಅವುಗಳ ಹಿಂದೆ ಎರಡೆರಡು ಟ್ರೇಲರ್‌ಗಳು, ಭಾರಕ್ಕೆ ಕಿತ್ತ ಡಾಂಬರು, ರಸ್ತೆಗೆ ಬಿದ್ದ ಕಬ್ಬಿನ ಜಲ್ಲೆ. ಇದೇ ರಸ್ತೆಯಲ್ಲಿ ನಿತ್ಯ ಸಂಚರಿಸುವ ಸಣ್ಣ ಡೀಸೆಲ್ ಕಾರುಗಳಿಗೆ ಅದೇ ಕಂಪನಿಯ ಸ್ಪೋರ್ಟ್ಸ್ ಮಾದರಿಯ ಚಕ್ರ, ಬಂಪರ್, ಸ್ಪಾಯ್ಲರ್, ಸ್ಟಿಯರಿಂಗ್ ಅಳವಡಿಸುವ ಹವ್ಯಾಸ ಯುವಕರಲ್ಲಿದೆ. "ಕಂಪನಿಯದೇ ಸಾಮಾನು, ಏನೂ ತೊಂದರೆಯಿಲ್ಲ" ಎಂಬುದು ಇದರ ಹಿಂದಿರುವ ಸಾಮಾನ್ಯ ನಂಬಿಕೆ.

ಈ ನಂಬಿಕೆ ಅರ್ಧ ಮಾತ್ರ ಸತ್ಯ. ಕಂಪನಿಯು ಸ್ಪೋರ್ಟ್ಸ್ ಮಾದರಿಯನ್ನು ರೂಪಿಸುವಾಗ ಎಂಜಿನ್, ಬ್ರೇಕು, ಸ್ಪ್ರಿಂಗು, ಟೈರುಗಳನ್ನು ಪರಸ್ಪರ ಹೊಂದಿಸಿ ಒಂದು ಜೋಡಣೆಯಾಗಿ ಸಿದ್ಧಪಡಿಸಿರುತ್ತದೆ. ಆ ಜೋಡಣೆಯಿಂದ ಒಂದು ಭಾಗವನ್ನಷ್ಟೇ ಬಿಚ್ಚಿ ತಂದು ಬೇರೊಂದು ಕಾರಿಗೆ ಬಿಗಿದರೆ ಅದು ಕೂರಬಹುದು, ಆದರೆ ಕೆಲಸ ಮಾಡದೇ ಇರಬಹುದು. ಕೆಲವು ಭಾಗಗಳು ಕೇವಲ ಅಲಂಕಾರ, ಕೆಲವನ್ನು ಅಳತೆ ನೋಡಿಯೇ ಹಾಕಬೇಕು, ಇನ್ನು ಕೆಲವಕ್ಕೆ ಮನೆಯಲ್ಲಿ ಕೈ ಹಾಕಲೇಬಾರದು. ಈ ವಿಂಗಡಣೆ ಕುರಿತ ಮಾಹಿತಿ ಇಲ್ಲಿದೆ.

ಯಾವ ಕಾರು, ಯಾವ ಭಾಗ?

ಭಾರತದಲ್ಲಿ ಡೀಸೆಲ್ ಹ್ಯಾಚ್‌ಬ್ಯಾಕ್ ಜನಪ್ರಿಯವಾಗಿದ್ದು 1998ರ ಟಾಟಾ ಇಂಡಿಕಾದಿಂದ. 2007ರಲ್ಲಿ ಮಾರುತಿ ಸ್ವಿಫ್ಟ್‌ಗೆ ಫಿಯೆಟ್ ಮೂಲದ 1248 ಸಿಸಿ ಡೀಸೆಲ್ ಎಂಜಿನ್ ಬಂದ ಮೇಲೆ ಈ ವರ್ಗದ ಚಿತ್ರವೇ ಬದಲಾಯಿತು. 75 ಅಶ್ವಶಕ್ತಿಯ, 190 ನ್ಯೂಟನ್ ಮೀಟರ್ ತಿರುಚುಬಲದ ಇದೇ ಎಂಜಿನ್ 2015ರಲ್ಲಿ ಮಾರುಕಟ್ಟೆಗೆ ಬಂದ ಬಲೆನೊ ಡೀಸೆಲ್‌ನಲ್ಲಿಯೂ ಇತ್ತು. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಗೆ ಬರುತ್ತಿದ್ದಂತೆ ಮಾರುತಿ ಮತ್ತು ಫೋಕ್ಸ್‌ವ್ಯಾಗನ್ ಡೀಸೆಲ್ ಹ್ಯಾಚ್‌ಬ್ಯಾಕ್‌ಗಳನ್ನು ಕೈಬಿಟ್ಟವು. ಹೊಸ ಡೀಸೆಲ್ ಹ್ಯಾಚ್‌ಬ್ಯಾಕ್ ಎಂದರೆ ಬಹುತೇಕ ಟಾಟಾ ಆಲ್ಟ್ರೋಜ್ ಎಂಬಷ್ಟಕ್ಕೆ ಆಯ್ಕೆ ಕುಗ್ಗಿದೆ. ಹೀಗಾಗಿ ಇರುವ ಹಳೆಯ ಕಾರನ್ನೇ ಹೊಸತಾಗಿಸುವ ಆಸೆ ಸಹಜ.

ಸ್ಪೋರ್ಟ್ಸ್ ಭಾಗಗಳ ಮೂಲವೂ ಇವೇ ಕಂಪನಿಗಳು. ಬಲೆನೊದ ಸ್ಪೋರ್ಟ್ಸ್ ಆವೃತ್ತಿ 'ಬಲೆನೊ ಆರ್‌ಎಸ್' 2017ರ ಮಾರ್ಚ್‌ನಲ್ಲಿ ಬಂದಿತು. ಅದರ ಎಂಜಿನ್ 1 ಲೀಟರ್ ಟರ್ಬೊ ಪೆಟ್ರೋಲ್. ಬೇರೆ ವಿನ್ಯಾಸದ ಬಂಪರ್, ಕಪ್ಪು ಅಲಾಯ್ ಚಕ್ರ ಹಾಗೂ ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಅದರ ವಿಶೇಷ. ಫೋಕ್ಸ್‌ವ್ಯಾಗನ್ ಪೋಲೊದಲ್ಲಿ 2013ರಲ್ಲಿ ಬಂದ 'ಜಿಟಿ ಟಿಡಿಐ', ಫಿಯೆಟ್ ಪುಂಟೊದಲ್ಲಿ 2015ರಲ್ಲಿ ಬಂದ 'ಅಬಾರ್ತ್', ಆಲ್ಟ್ರೋಜ್‌ನಲ್ಲಿ 2024ರ ಜೂನ್‌ನಲ್ಲಿ ಬಂದ 'ರೇಸರ್' ಇಂಥವೇ. ಇವುಗಳಲ್ಲಿ ಪೋಲೊ ಜಿಟಿ ಟಿಡಿಐ ಮಾತ್ರ ಡೀಸೆಲ್, ಉಳಿದವು ಪೆಟ್ರೋಲ್ ಎಂಬುದು ಗಮನಾರ್ಹ. ಸಾಮಾನ್ಯವಾಗಿ ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್‌ಗಿಂತ ಭಾರ. ಪೆಟ್ರೋಲ್ ಕಾರಿನ ಮುಂಭಾಗಕ್ಕೆ ಹೊಂದಿಸಿದ ಸ್ಪ್ರಿಂಗು ಡೀಸೆಲ್ ಕಾರಿನ ಭಾರಕ್ಕೆ ಇನ್ನಷ್ಟು ಕುಸಿಯುತ್ತದೆ.

ಮೊದಲ ವರ್ಗ: ಅಲಂಕಾರದ ಭಾಗಗಳು

ಮುಂಭಾಗದ ಜಾಲರಿ, ಕನ್ನಡಿಯ ಹೊದಿಕೆ, ಬಾಗಿಲಿನ ಕೆಳಪಟ್ಟಿ, ಗೇರ್ ಗುಬ್ಬಿ, ಪೆಡಲ್ ಹೊದಿಕೆ ಮುಂತಾದವು ಈ ವರ್ಗಕ್ಕೆ ಸೇರುತ್ತವೆ. ಕ್ಲಿಪ್ಪು ಮತ್ತು ಸ್ಕ್ರೂಗಳಲ್ಲಿ ಮುಗಿಯುವ ಇವನ್ನು ಮನೆಯಲ್ಲಿಯೇ ಹಾಕಬಹುದು. ಹಳೆಯ ಪ್ಲಾಸ್ಟಿಕ್ ಕ್ಲಿಪ್ಪುಗಳು ಬಿಸಿಲಿಗೆ ಒಣಗಿ ಬಿಚ್ಚುವಾಗಲೇ ಮುರಿಯುವುದರಿಂದ ಹೊಸ ಕ್ಲಿಪ್ಪುಗಳನ್ನು ಮೊದಲೇ ತಂದಿಟ್ಟುಕೊಳ್ಳುವುದು ಲೇಸು. ಪೆಡಲ್ ಹೊದಿಕೆ ಜಾರುವಂತಿದ್ದರೆ ಅಥವಾ ಸಡಿಲವಾಗಿದ್ದರೆ ಅದನ್ನು ಬಳಸಬಾರದು.

ಹಿಂಬಾಗಿಲ ಮೇಲಿನ ಸ್ಪಾಯ್ಲರ್‌ಗೆ ಎರಡು ಎಚ್ಚರಿಕೆ ಅಗತ್ಯ. ಡ್ರಿಲ್ ಮಾಡಿದ ರಂಧ್ರದ ಅಂಚಿಗೆ ತುಕ್ಕು ನಿರೋಧಕ ಬಣ್ಣ ಹಾಗೂ ಸೀಲಂಟ್ ಹಚ್ಚದಿದ್ದರೆ ಒಂದೆರಡು ಮಳೆಗಾಲದಲ್ಲಿ ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಅಲ್ಲದೆ ಸ್ಪಾಯ್ಲರ್‌ನ ಹೆಚ್ಚುವರಿ ಭಾರಕ್ಕೆ ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ಕಂಬಗಳು ಸೋತು, ಸಾಮಾನು ಇಳಿಸುವಾಗ ಬಾಗಿಲು ತಲೆಯ ಮೇಲೆ ಬೀಳುವ ಸಂಭವವಿದೆ.

ಬಂಪರ್ ಬದಲಾವಣೆ ಮೇಲ್ನೋಟಕ್ಕೆ ಸುಲಭ. ಆದರೆ ಮಂಜುದೀಪದ ವೈರು, ಹಿಂಬದಿಯ ಪಾರ್ಕಿಂಗ್ ಸೆನ್ಸರ್, ಎಳೆದೊಯ್ಯುವ ಕೊಕ್ಕೆಯ ರಂಧ್ರ ಹೊಸ ಬಂಪರ್‌ನಲ್ಲಿ ತಾಳೆಯಾಗಬೇಕು. ಬಂಪರ್ ಹಿಂದಿರುವ ಲೋಹದ ಅಡ್ಡಪಟ್ಟಿಯನ್ನು ಯಾವ ಕಾರಣಕ್ಕೂ ತೆಗೆಯಬಾರದು. ಡಿಕ್ಕಿಯ ಹೊಡೆತವನ್ನು ಹೀರುವುದು ಅದೇ ಹೊರತು ಹೊರಗಿನ ಪ್ಲಾಸ್ಟಿಕ್ ಅಲ್ಲ. ಇನ್ನೊಂದು ತೊಡಕು ನಂಬರ್ ಪ್ಲೇಟಿನದು. ಅತಿ ಸುರಕ್ಷಿತ ನೋಂದಣಿ ಫಲಕ (ಎಚ್‌ಎಸ್‌ಆರ್‌ಪಿ) ಒಮ್ಮೆ ಬಿಗಿದರೆ ಮತ್ತೆ ಬಿಚ್ಚಿ ಹಾಕಲಾಗದ ಲಾಕ್ ಹೊಂದಿರುತ್ತದೆ. 2019ರ ಏಪ್ರಿಲ್ 1ಕ್ಕಿಂತ ಹಿಂದಿನ ವಾಹನಗಳಿಗೂ ಇದನ್ನು ಕಡ್ಡಾಯಗೊಳಿಸಿ ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿತ್ತು. ಬಂಪರ್ ಬದಲಿಸುವಾಗ ಲಾಕ್ ಮುರಿದರೆ ತಂತಿ ಕಟ್ಟಿ ಓಡಾಡುವಂತಿಲ್ಲ, ಅಧಿಕೃತ ಕೇಂದ್ರದಲ್ಲಿಯೇ ಮರುಜೋಡಣೆ ಮಾಡಿಸಬೇಕು.

ಎರಡನೆಯ ವರ್ಗ: ಅಳತೆ ನೋಡಿ ಹಾಕಬೇಕಾದವು

ಚಕ್ರ ಮತ್ತು ಟೈರು: ಈ ಹವ್ಯಾಸದಲ್ಲಿ ಹೆಚ್ಚು ಹಣ ಹೋಗುವುದೂ, ಹೆಚ್ಚು ತಪ್ಪು ನಡೆಯುವುದೂ ಇಲ್ಲಿಯೇ. ಟೈರಿನ ಬದಿಯ ಬರಹ ಓದಲು ಬಂದರೆ ಅರ್ಧ ಸಮಸ್ಯೆ ಪರಿಹಾರವಾದಂತೆ. '195/55 ಆರ್16' ಎಂದರೆ ಟೈರಿನ ಅಗಲ 195 ಮಿ.ಮೀ., ಗೋಡೆಯ ಎತ್ತರ ಅಗಲದ ಶೇ 55, ರಿಮ್ಮಿನ ವ್ಯಾಸ 16 ಅಂಗುಲ. ಇದರಿಂದ ಪೂರ್ಣ ಚಕ್ರದ ವ್ಯಾಸ ಲೆಕ್ಕ ಹಾಕಬಹುದು.

2011ರ ನಂತರದ ಸ್ವಿಫ್ಟ್ ಡೀಸೆಲ್ ಉದಾಹರಣೆ ತೆಗೆದುಕೊಳ್ಳಬಹುದು. ಕೆಳದರ್ಜೆಯ ಮಾದರಿಗೆ ಕಂಪನಿ ಕೊಟ್ಟ ಟೈರು 165/80 ಆರ್14, ಇದರ ವ್ಯಾಸ ಸುಮಾರು 620 ಮಿ.ಮೀ. ಮೇಲ್ದರ್ಜೆಯ ಮಾದರಿಗೆ 185/65 ಆರ್15, ವ್ಯಾಸ ಸುಮಾರು 621.5 ಮಿ.ಮೀ. ವ್ಯತ್ಯಾಸ 2 ಮಿ.ಮೀ. ಮಾತ್ರ. ಆದ್ದರಿಂದ ಮೇಲ್ದರ್ಜೆಯ ಚಕ್ರಗಳನ್ನು ಕೆಳದರ್ಜೆಯ ಕಾರಿಗೆ ಹಾಕಿದರೂ ವೇಗದ ಮೀಟರು ತಪ್ಪುವುದಿಲ್ಲ. ಬಲೆನೊದ ಲೆಕ್ಕ ಬೇರೆ. ಕೆಳದರ್ಜೆಗೆ 175/65 ಆರ್15 (608.5 ಮಿ.ಮೀ.), ಮೇಲ್ದರ್ಜೆಗೆ 195/55 ಆರ್16 (ಸುಮಾರು 621 ಮಿ.ಮೀ.). ಇಲ್ಲಿ ಶೇ 2ರಷ್ಟು ವ್ಯತ್ಯಾಸವಿದೆ. ಮೀಟರು ಮೊದಲು ನಿಖರವಾಗಿದ್ದಲ್ಲಿ, ಮುಳ್ಳು 80 ತೋರಿಸುವಾಗ ಕಾರು 81.6 ಕಿ.ಮೀ. ವೇಗದಲ್ಲಿರುತ್ತದೆ. ಕಂಪನಿ ನಿಗದಿಪಡಿಸಿದ ಅಳತೆಗಳನ್ನು ಬಿಟ್ಟು ಇನ್ನೂ ದೊಡ್ಡ ಚಕ್ರಕ್ಕೆ ಹೋದಷ್ಟೂ ಈ ಅಂತರ ಬೆಳೆಯುತ್ತದೆ, ತಿರುವಿನಲ್ಲಿ ಟೈರು ಒಳಗಿನ ಪ್ಲಾಸ್ಟಿಕ್‌ಗೆ ಉಜ್ಜುತ್ತದೆ.

ವ್ಯಾಸದ ಜೊತೆಗೆ ಬೋಲ್ಟುಗಳ ಸಂಖ್ಯೆ ಹಾಗೂ ವೃತ್ತ (ಸ್ವಿಫ್ಟ್‌ಗೆ 100 ಮಿ.ಮೀ. ವೃತ್ತದಲ್ಲಿ 4, ಪೋಲೊಗೆ ಅಷ್ಟೇ ವೃತ್ತದಲ್ಲಿ 5), ಮಧ್ಯದ ರಂಧ್ರ, ರಿಮ್ ಒಳಗೆ ಅಥವಾ ಹೊರಗೆ ಸರಿದಿರುವ ಪ್ರಮಾಣ, ಟೈರು ಹೊರಬಲ್ಲ ಭಾರದ ಸಂಖ್ಯೆ ಇವೆಲ್ಲವೂ ತಾಳೆಯಾಗಬೇಕು. ಭಾರದ ಸಂಖ್ಯೆ 84 ಎಂದರೆ ಒಂದು ಟೈರಿಗೆ 500 ಕೆ.ಜಿ., 87 ಎಂದರೆ 545 ಕೆ.ಜಿ. ಮೂಲ ಟೈರಿನ ಸಂಖ್ಯೆಗಿಂತ ಕಡಿಮೆಯ ಟೈರನ್ನು ಎಂದೂ ಹಾಕಬಾರದು.

ಚಕ್ರ ದೊಡ್ಡದಾದಷ್ಟೂ ಟೈರಿನ ಗೋಡೆ ತಗ್ಗುತ್ತದೆ ಎಂಬುದು ಈ ಭಾಗದ ಚಾಲಕರು ವಿಶೇಷವಾಗಿ ನೆನಪಿಡಬೇಕಾದ ಅಂಶ. ಸ್ವಿಫ್ಟ್‌ನ 14 ಅಂಗುಲದ ಟೈರಿನ ಗೋಡೆ 132 ಮಿ.ಮೀ., 15 ಅಂಗುಲದ್ದು 120 ಮಿ.ಮೀ. ಗುಂಡಿಯ ಹೊಡೆತ ರಿಮ್ಮಿಗೆ ತಾಗದಂತೆ ತಡೆಯುವುದು ಈ ಗೋಡೆಯೇ. ಉಕ್ಕಿನ ರಿಮ್ ಬಾಗಿದರೆ ಬಡಿದು ಸರಿಪಡಿಸಬಹುದು. ಅಲಾಯ್ ರಿಮ್ ಬಿರುಕು ಬಿಟ್ಟರೆ ಅದರ ಆಯುಷ್ಯ ಮುಗಿದಂತೆ. ವೆಲ್ಡಿಂಗ್ ಮಾಡಿಸಿ ಮತ್ತೆ ಹಾಕಿಕೊಳ್ಳುವುದು ಅಪಾಯಕಾರಿ.

ದೀಪಗಳು: ಹಿಂಬದಿ ದೀಪವಿಲ್ಲದ ಟ್ರೇಲರ್ ರಾತ್ರಿ ಎದುರಾಗುವ ರಸ್ತೆಯಲ್ಲಿ ಒಳ್ಳೆಯ ಬೆಳಕು ವಿಲಾಸವಲ್ಲ, ಅಗತ್ಯ. ಆದರೆ ಎಚ್4 ಮಾದರಿಯ ದೀಪಕ್ಕೆ ಕಂಪನಿ ನಿಗದಿಪಡಿಸಿದ ಶಕ್ತಿ 60/55 ವ್ಯಾಟ್. ಅದೇ ಹೋಲ್ಡರ್‌ಗೆ 100 ವ್ಯಾಟ್ ಬಲ್ಬ್ ತುರುಕಿದರೆ ಹೋಲ್ಡರ್ ಹಾಗೂ ವೈರು ಕರಗುತ್ತವೆ, ಎದುರಿನ ಚಾಲಕನ ಕಣ್ಣು ಕತ್ತಲಾಗುತ್ತದೆ. ಮೇಲ್ದರ್ಜೆಯ ಮಾದರಿಯ ಪ್ರೊಜೆಕ್ಟರ್ ದೀಪ ತಂದರೆ ಅದರ ವೈರಿಂಗ್ ಪ್ರತ್ಯೇಕವಾಗಿರುತ್ತದೆ. ಇರುವ ವೈರನ್ನು ಕತ್ತರಿಸಿ ಟೇಪು ಸುತ್ತುವುದು ಬೆಂಕಿ ಅವಘಡಕ್ಕೆ ಆಹ್ವಾನ. ಹಳೆಯ ಕಾರಿನ ಹಳದಿಯಾದ ದೀಪದ ಮುಖವನ್ನು ಉಜ್ಜಿ ಸ್ವಚ್ಛಗೊಳಿಸಿ, ಹೊಸ 60/55 ವ್ಯಾಟ್ ಬಲ್ಬ್ ಹಾಕಿ, ಕಿರಣದ ಎತ್ತರ ಸರಿಪಡಿಸಿದರೆ ಬೆಳಕಿನ ಸಮಸ್ಯೆ ಬಹುಮಟ್ಟಿಗೆ ನೀಗುತ್ತದೆ.

ಮೂರನೆಯ ವರ್ಗ: ಮನೆಯಲ್ಲಿ ಕೈ ಹಾಕಬಾರದವು

ಸ್ಟಿಯರಿಂಗ್: ಗುಂಡಿಗಳಿರುವ, ಚರ್ಮದ ಹೊದಿಕೆಯ ಮೇಲ್ದರ್ಜೆಯ ಸ್ಟಿಯರಿಂಗ್ ಚಕ್ರಕ್ಕೆ ಗುಜರಿ ಮಾರುಕಟ್ಟೆಯಲ್ಲಿ ಬೇಡಿಕೆಯಿದೆ. ಅದರ ನಡುವೆ ಇರುವುದು ಸ್ಫೋಟಕ ಬಲದಿಂದ ಕ್ಷಣಾರ್ಧದಲ್ಲಿ ಉಬ್ಬುವ ಏರ್‌ಬ್ಯಾಗ್. ಬ್ಯಾಟರಿ ಕಳಚದೆ, ಉಳಿದ ವಿದ್ಯುತ್ ಇಳಿಯಲು ಕಾಯದೆ ಅದನ್ನು ಬಿಚ್ಚಿದರೆ ಮುಖಕ್ಕೇ ಸಿಡಿಯಬಹುದು. ಚಾಲಕನ ಏರ್‌ಬ್ಯಾಗ್ ದೇಶದಲ್ಲಿ ಕಡ್ಡಾಯವಾಗಿದ್ದು 2019ರ ಜುಲೈ 1ರಿಂದ. ಅದಕ್ಕಿಂತ ಹಿಂದಿನ ಕೆಳದರ್ಜೆಯ ಅನೇಕ ಕಾರುಗಳಲ್ಲಿ ಏರ್‌ಬ್ಯಾಗ್‌ನ ಸೆನ್ಸರ್ ಆಗಲೀ ನಿಯಂತ್ರಣ ಪೆಟ್ಟಿಗೆಯಾಗಲೀ ಇಲ್ಲ. ಅಂಥ ಕಾರಿಗೆ ಈ ಸ್ಟಿಯರಿಂಗ್ ಹಾಕಿದರೆ ಅದರ ಮೇಲೆ 'ಏರ್‌ಬ್ಯಾಗ್' ಎಂಬ ಅಕ್ಷರ ಇರುತ್ತದೆ, ಅಪಘಾತದಲ್ಲಿ ಅದು ತೆರೆದುಕೊಳ್ಳುವುದಿಲ್ಲ. ಮುಂದೆ ಆ ಕಾರನ್ನು ಕೊಳ್ಳುವವರು ಸುರಕ್ಷತೆ ಇದೆಯೆಂದೇ ನಂಬಿ ಮೋಸ ಹೋಗುತ್ತಾರೆ.

ಹಿಂಬದಿಯ ಡಿಸ್ಕ್ ಬ್ರೇಕ್: ಬಲೆನೊ ಆರ್‌ಎಸ್‌ನ ಹಿಂಬದಿ ಡಿಸ್ಕ್‌ಗಳನ್ನು ಡೀಸೆಲ್ ಬಲೆನೊಗೆ ಹಾಕಬಹುದೇ ಎಂಬ ಪ್ರಶ್ನೆ ಹವ್ಯಾಸಿಗಳಲ್ಲಿ ಸಾಮಾನ್ಯ. ಡ್ರಮ್ ತೆಗೆದು ಡಿಸ್ಕ್ ಹಾಕುವುದೆಂದರೆ ಹಬ್, ಕ್ಯಾಲಿಪರ್, ಬ್ರೇಕ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್ ಎಲ್ಲವನ್ನೂ ಬದಲಿಸುವುದು. ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವೆ ಬ್ರೇಕಿನ ಬಲ ಹಂಚುವ ವ್ಯವಸ್ಥೆ ಡ್ರಮ್‌ಗೆ ಹೊಂದಿಸಿದ್ದಾಗಿರುತ್ತದೆ. ಹಂಚಿಕೆ ತಪ್ಪಿ ಹಿಂದಿನ ಚಕ್ರ ಮೊದಲು ಕಚ್ಚಿಕೊಂಡರೆ ಕಾರು ತಿರುಗಿ ನಿಲ್ಲುತ್ತದೆ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ನಿಲುಗಡೆಯ ಹೆಚ್ಚಿನ ಪಾಲು ಮುಂದಿನ ಚಕ್ರಗಳದ್ದೇ. ಮುಂದಿನ ಪ್ಯಾಡು ಹಾಗೂ ಟೈರುಗಳನ್ನು ಸುಸ್ಥಿತಿಯಲ್ಲಿಟ್ಟು, ತೇವ ಹೀರುವ ಗುಣದ ಬ್ರೇಕ್ ಎಣ್ಣೆಯನ್ನು ಕೈಪಿಡಿ ಹೇಳಿದ ಅವಧಿಗೆ ಬದಲಿಸಿದರೆ ನಿತ್ಯದ ಬಳಕೆಗೆ ಅದೇ ಸಾಕು.

ತಗ್ಗಿಸಿದ ಸ್ಪ್ರಿಂಗು: ಅಬಾರ್ತ್ ಪುಂಟೊದ ನೆಲದಂತರ 155 ಮಿ.ಮೀ., ಸಾಮಾನ್ಯ ಪುಂಟೊ ಇವೊ ಡೀಸೆಲ್‌ನದು 185 ಮಿ.ಮೀ. ಎಂದು ಕಂಪನಿಯೇ ಪ್ರಕಟಿಸಿತ್ತು. ಗಟ್ಟಿ ರಸ್ತೆಗೆ ರೂಪಿಸಿದ ತಗ್ಗನ್ನು ಹಳ್ಳಿಯ ಉಬ್ಬುತಡೆಗಳ ಮೇಲೆ ತಂದರೆ ಎಂಜಿನ್ ತಳದ ಎಣ್ಣೆ ತೊಟ್ಟಿ ಮೊದಲು ಪೆಟ್ಟು ತಿನ್ನುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ಮತ್ತು ಘಟಪ್ರಭಾ ಪ್ರವಾಹ ಕಂಡ ಈ ತಾಲ್ಲೂಕುಗಳಲ್ಲಿ ಇನ್ನೊಂದು ಅಪಾಯವೂ ಇದೆ. ಕಾರು ತಗ್ಗಿದಷ್ಟೂ, ಗಾಳಿ ಎಳೆಯುವ ಕೊಳವೆ ಕೆಳಗಿಳಿದಷ್ಟೂ ನೀರು ಎಂಜಿನ್ನಿನೊಳಗೆ ನುಗ್ಗುವ ಸಾಧ್ಯತೆ ಹೆಚ್ಚು. ನೀರು ಕುಗ್ಗದ ವಸ್ತುವಾದ್ದರಿಂದ ಒಳಹೊಕ್ಕರೆ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ ಹಾಳಾಗುತ್ತದೆ. ಸ್ಪ್ರಿಂಗು ಬಿಚ್ಚುವ ಕೆಲಸವಂತೂ ಸರಿಯಾದ ಕಂಪ್ರೆಸರ್ ಸಾಧನವಿಲ್ಲದೆ ಪ್ರಾಣಾಂತಿಕ.

ಎಂಜಿನ್ ಶಕ್ತಿ: 2014ರ ಪೋಲೊದಲ್ಲಿ 1.5 ಲೀಟರ್ ಡೀಸೆಲ್ ಎಂಜಿನ್ ಸಾಮಾನ್ಯ ಮಾದರಿಯಲ್ಲಿ 90, ಜಿಟಿಯಲ್ಲಿ 105 ಅಶ್ವಶಕ್ತಿ ನೀಡುತ್ತಿತ್ತು. ಆದ್ದರಿಂದ ಸಾಫ್ಟ್‌ವೇರ್ ಬದಲಿಸಿದರೆ ಜಿಟಿ ಆಗುತ್ತದೆ ಎಂಬ ಪ್ರಚಾರ ಹುಟ್ಟಿತು. ಟರ್ಬೊ, ಇಂಜೆಕ್ಟರ್, ಕ್ಲಚ್ ಎರಡರಲ್ಲೂ ಒಂದೇ ಎಂಬುದನ್ನು ಭಾಗದ ಸಂಖ್ಯೆ ಹೋಲಿಸದೆ ಹೇಳಲಾಗದು. ಇಂಧನ ಹೆಚ್ಚು ಸುರಿದು ಗಾಳಿ ಸಾಲದಿದ್ದರೆ ಕಪ್ಪು ಹೊಗೆ ಬರುತ್ತದೆ. ಹೊಗೆ ತಪಾಸಣೆಯಲ್ಲಿ ಬಿಎಸ್-4 ಡೀಸೆಲ್ ವಾಹನಕ್ಕೆ 50, ಅದಕ್ಕಿಂತ ಹಿಂದಿನವಕ್ಕೆ 65 ಹಾರ್ಟ್ರಿಜ್ ಏಕಮಾನದ ಮಿತಿಯಿದೆ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪ್ರಮಾಣಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ವಾಹನದ ರಚನೆಯಲ್ಲಿ ಬದಲಾವಣೆಯಾಗಿ ಅದರ ಮೂಲ ಲಕ್ಷಣ ಬದಲಾಗುವುದನ್ನು ಕಾಯ್ದೆ 'ಮಾರ್ಪಾಡು' ಎನ್ನುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಅನುಮತಿಯಿಲ್ಲದ ಮಾರ್ಪಾಡಿಗೆ, ಬಿಡಿಭಾಗ ಅಳವಡಿಕೆಯೂ ಸೇರಿದಂತೆ, 2019ರ ತಿದ್ದುಪಡಿಯ 182-ಎ ಕಲಮಿನಡಿ ಮಾಲೀಕರಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಎರಡನ್ನೂ ವಿಧಿಸಬಹುದು.

ಕನ್ನಡಿಯ ಹೊದಿಕೆ ಅಥವಾ ಅದೇ ಮಾದರಿಗೆ ಕಂಪನಿ ಒಪ್ಪಿದ ಅಳತೆಯ ಚಕ್ರ ವಾಹನದ ಮೂಲ ಲಕ್ಷಣವನ್ನು ಬದಲಿಸುವುದಿಲ್ಲ. ಎಂಜಿನ್, ಬಣ್ಣ, ಆಸನ ಸಂಖ್ಯೆ, ಇಂಧನ ಬದಲಾದರೆ ಮಾತ್ರ ನೋಂದಣಿ ದಾಖಲೆಯೇ ಬದಲಾಗುತ್ತದೆ. ಈ ಭಾಗದ 'ಕೆಎ-48' ವಾಹನಗಳು ಜಮಖಂಡಿಯ ಸಾರಿಗೆ ಕಚೇರಿಯ ವ್ಯಾಪ್ತಿಗೆ ಬರುವುದರಿಂದ, ಸಂದೇಹವಿದ್ದಲ್ಲಿ ಹಣ ಖರ್ಚು ಮಾಡುವ ಮುನ್ನವೇ ಅಲ್ಲಿ ವಿಚಾರಿಸುವುದು ಉತ್ತಮ.

ಖಾಸಗಿ ಕಾರಿನ ನೋಂದಣಿ ಅವಧಿ 15 ವರ್ಷ. ನಂತರ ತಪಾಸಣೆಗೆ ಒಳಪಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2007ರ ಮೊದಲ ಸ್ವಿಫ್ಟ್ ಡೀಸೆಲ್‌ಗಳು 2022ರಲ್ಲಿಯೇ ಈ ಗಡಿ ದಾಟಿವೆ. ಮಾರ್ಪಡಿಸಿದ ಕಾರು ಎದುರಿಸುವ ನಿಜವಾದ ಪರೀಕ್ಷೆ ಅದು. ಆದ್ದರಿಂದ ಬಿಚ್ಚಿದ ಮೂಲ ಭಾಗಗಳನ್ನು ಗುಜರಿಗೆ ಹಾಕದೆ ಮನೆಯ ಅಟ್ಟದಲ್ಲಿ ಜೋಪಾನವಾಗಿಡಬೇಕು.

ವಿಮೆಯ ವಿಚಾರ

ಕಾರಿನ ಮೂಲ ಬೆಲೆಯಲ್ಲಿ ಸೇರದ ಬಿಡಿಭಾಗಗಳನ್ನು ವಿಮಾ ಕಂಪನಿಗೆ ಮೊದಲೇ ತಿಳಿಸಿ ಪಾಲಿಸಿಯಲ್ಲಿ ನಮೂದಿಸಬೇಕು. ತಿಳಿಸದ ಭಾಗ ಕಳುವಾದರೆ ಅಥವಾ ಒಡೆದರೆ ಪರಿಹಾರ ಸಿಗದು. ಅದಕ್ಕಿಂತ ಗಂಭೀರವೆಂದರೆ, ಅಪಘಾತಕ್ಕೆ ಅನಧಿಕೃತ ಮಾರ್ಪಾಡೇ ಕಾರಣವೆಂದು ಸರ್ವೇಯರ್ ವರದಿ ನೀಡಿದರೆ ಸ್ವಂತ ವಾಹನದ ಪರಿಹಾರಕ್ಕೆ ಕತ್ತರಿ ಬೀಳಬಹುದು.

ಮನೆಯಲ್ಲಿ ಕೆಲಸ ಮಾಡುವಾಗ

ಈ ಭಾಗದ ಬಹುತೇಕ ಅಂಗಳಗಳು ಎರೆಮಣ್ಣಿನವು. ಮೇಲೆ ಗಟ್ಟಿಯಾಗಿ ಕಂಡರೂ ಭಾರ ಬಿದ್ದಾಗ ಜಾಕ್ ಹೂತು ವಾಲುತ್ತದೆ. ಸಮತಟ್ಟಾದ ಕಾಂಕ್ರೀಟ್ ನೆಲ ಇಲ್ಲದಿದ್ದರೆ ದಪ್ಪ ಮರದ ಹಲಗೆಯ ಮೇಲೆ ಜಾಕ್ ಇಡಬೇಕು. ನೆಲಕ್ಕೆ ತಾಗಿರುವ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಮಲಗುವುದು ಸಾವಿನೊಂದಿಗೆ ಸರಸ. ಎರಡು ಗಟ್ಟಿ ಸ್ಟ್ಯಾಂಡ್‌ಗಳ ಆಧಾರ ಕಡ್ಡಾಯ, ಇಟ್ಟಿಗೆ ಅದಕ್ಕೆ ಬದಲಿಯಲ್ಲ.

ಚಕ್ರದ ನಟ್ಟುಗಳನ್ನು ಒಂದಾದ ಮೇಲೊಂದರಂತೆ ಸುತ್ತು ಬಿಗಿಯದೆ ಎದುರುಬದುರಾಗಿ ಬಿಗಿಯಬೇಕು. ಕಾಲಿನಿಂದ ಪಾನಾ ತುಳಿದು ಬಿಗಿದರೆ ಬೋಲ್ಟ್ ಹಿಗ್ಗುತ್ತದೆ. ಟಾರ್ಕ್ ಪಾನಾ ಬಳಸಿ ಕೈಪಿಡಿಯಲ್ಲಿನ ಅಳತೆಗೆ ಬಿಗಿದು, ಮೊದಲ 80-100 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು. ವಿದ್ಯುತ್ ಸಂಬಂಧಿ ಯಾವುದೇ ಕೆಲಸಕ್ಕೂ ಮೊದಲು ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚಬೇಕು.

ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

* ಭಾಗದ ಸಂಖ್ಯೆ ತಮ್ಮ ಕಾರಿನ ಮಾದರಿ ಮತ್ತು ತಯಾರಿಕಾ ವರ್ಷಕ್ಕೆ ತಾಳೆಯಾಗುತ್ತದೆಯೇ?

* ಅದರೊಂದಿಗೆ ಬದಲಾಗಬೇಕಾದ ಬೇರೆ ಭಾಗಗಳು ಯಾವುವು? ಅವುಗಳ ಬೆಲೆಯೂ ಲೆಕ್ಕದಲ್ಲಿದೆಯೇ?

* ಸೆಕೆಂಡ್ ಹ್ಯಾಂಡ್ ಆಗಿದ್ದಲ್ಲಿ ಅಪಘಾತವಾದ ಕಾರಿನಿಂದ ಬಂದದ್ದೇ? ಬಿಲ್ ಇದೆಯೇ? ಬಿಲ್ ಇಲ್ಲದ ಅಲಾಯ್ ಚಕ್ರ ಕಳವಿನ ಮಾಲಾಗಿರಲೂಬಹುದು.

* ಉತ್ಪಾದನೆ ನಿಂತ ಬಲೆನೊ ಆರ್‌ಎಸ್, ಅಬಾರ್ತ್ ಪುಂಟೊದಂಥ ಕಾರುಗಳ ಭಾಗ ಮುಂದೆ ಮುರಿದರೆ ಬದಲಿ ದೊರೆಯುವುದೇ?

* ನೋಂದಣಿ ಪ್ರಮಾಣಪತ್ರ ಹಾಗೂ ವಿಮೆಗೆ ಇದರಿಂದ ಧಕ್ಕೆಯಿದೆಯೇ?

ರಾತ್ರಿ ವೇಳೆ ಮನೆಯ ರೋಗಿಯನ್ನು ಬಾಗಲಕೋಟೆ ಅಥವಾ ವಿಜಯಪುರದ ಆಸ್ಪತ್ರೆಗೆ ಕರೆದೊಯ್ಯಬೇಕಾದುದೂ ಇದೇ ಕಾರು. ಕಬ್ಬಿನ ಟ್ರೇಲರ್ ದಿಢೀರನೆ ಎದುರಾದಾಗ ಕಾಪಾಡುವುದು ಹಿಂಬಾಗಿಲ ಮೇಲಿನ ರೆಕ್ಕೆಯಲ್ಲ. ಸವೆಯದ ಟೈರು, ಕಚ್ಚುವ ಬ್ರೇಕು, ಸರಿಯಾಗಿ ಬೀಳುವ ಬೆಳಕು. ಕೈಯಲ್ಲಿರುವ ಹಣ ಮೊದಲು ಈ ಮೂರಕ್ಕೆ ಸಲ್ಲಬೇಕು. ಉಳಿದರೆ ಸ್ಪಾಯ್ಲರ್‌ಗೂ ಆದೀತು.